ಅಜ್ಜಿಯ ಬೆಳ್ಳಿ ರೂಪಾಯಿ ಮಾರೋಕೆ ಹೊರಟಿದ್ರೆ ಮೊದ್ಲು ಇದನ್ನ ಓದಿ

ಬರೀಬೇಕು ಬರೀಬೇಕು ಅಂತ ಎಷ್ಟೋ ದಿನದಿಂದ ಇದ್ದೆ, ನಾಚಿಕೆ ಆಗಿ ಬಿಟ್ಟಿದ್ದೆ. ನಿನ್ನೆ ಸಂಜೆ ನಮ್ಮ ಬಿಲ್ಡಿಂಗ್‌ನಲ್ಲೇ ಇರೋ ಮಂಗಳೂರಿನ ಆಂಟಿ ಒಬ್ರು ಅವರ ಅತ್ತೆಯ ಬೆಳ್ಳಿ ನಾಣ್ಯ ಕರ್ಚೀಫ್‌ನಲ್ಲಿ ಕಟ್ಕೊಂಡು ಬಂದು "ಪ್ರೈಸ್ ಗೈಡ್‌ನಲ್ಲಿ ನೋಡಿದೆ ಮಾರಾಯ್ತಿ, ಇದಕ್ಕೆ ಹದಿನೈದು ಸಾವಿರ ಉಂಟಂತೆ, ನೀನು ಮಾರಿದ್ಯಲ್ಲ, ಎಲ್ಲಿ ಮಾರಿದ್ದು" ಅಂತ ಕೇಳಿದ್ರು. ಅವರಿಗೆ ಹೇಳೋವಾಗ ಮತ್ತೆ ಹೊಟ್ಟೆ ಉರೀತು. ಅದಕ್ಕೇ ಬರೀತಿದ್ದೀನಿ. ಮುಂಬೈಲಿ ಇರೋ ನಮ್ಮವರು ದಯವಿಟ್ಟು ಪೂರ್ತಿ ಓದಿ.

ನಮ್ಮ ಅಜ್ಜಿಯ ಹತ್ರ ಒಂದು ತಗಡಿನ ಡಬ್ಬಿ ಇತ್ತು, ಅದರಲ್ಲಿ 21 ಬೆಳ್ಳಿ ರೂಪಾಯಿ. ದೀಪಾವಳಿ ಲಕ್ಷ್ಮಿ ಪೂಜೆಗೆ ಪ್ರತಿ ವರ್ಷ ತಟ್ಟೇಲಿ ಇಟ್ಟು ಅರಿಶಿನ ಕುಂಕುಮ ಹಾಕ್ತಿದ್ರು. ನಾಲ್ಕು ವಿಕ್ಟೋರಿಯಾ ರಾಣಿದು, ಎಲ್ಲದರ ಮೇಲೂ 1862, ಆರು ಎಡ್ವರ್ಡ್ ರಾಜಂದು, ಉಳಿದ ಹನ್ನೊಂದು ಐದನೇ ಜಾರ್ಜ್, ಅದರಲ್ಲಿ ಒಂದು 1911ರದ್ದು. ಊರಲ್ಲಿ ಮನೆ ಮಾಡು ಸೋರ್ತಿದೆ, ರಿಪೇರಿ ಮಾಡಿಸ್ಬೇಕು ಅಂತ ಅಮ್ಮ ಡಬ್ಬಿ ನನ್ನ ಕೈಗೆ ಕೊಟ್ಟು "ಮುಂಬೈಲಿ ಒಳ್ಳೆ ರೇಟ್ ಸಿಗ್ತದಂತೆ, ನೀನೇ ನೋಡು" ಅಂದ್ರು. ಡೊಂಬಿವಲಿವರೆಗೂ ಬಸ್ಸಲ್ಲಿ ಮಡಿಲಲ್ಲೇ ಇಟ್ಕೊಂಡು ಬಂದೆ.

ನಾನು ಏನು ಮಾಡ್ದೆ ಅಂದ್ರೆ, ಮುಂಬೈ ಫೋರ್ಟ್ ಏರಿಯಾದ ಫ್ಲೋರಾ ಫೌಂಟನ್ ಹತ್ರ ಫುಟ್‌ಪಾತ್ ಪುಸ್ತಕದವರ ಹತ್ರ ನಾಣ್ಯಗಳ ಪ್ರೈಸ್ ಗೈಡ್ ಒಂದು ತಗೊಂಡೆ. ಎರಡು ರಾತ್ರಿ ಕೂತು ಒಂದೊಂದೇ ನಾಣ್ಯ ನೋಡಿ ನೋಟ್‌ಬುಕ್‌ನಲ್ಲಿ ಬರ್ದೆ. ಆ ಪುಸ್ತಕದಲ್ಲಿ ನಾಣ್ಯ ಎಷ್ಟು ಸವೆದಿದೆ ಅನ್ನೋದರ ಮೇಲೆ ಒಂದೊಂದು ನಾಣ್ಯಕ್ಕೆ ನಾಲ್ಕು ರೇಟ್ ಕಾಲಂ ಇರತ್ತೆ, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಕೊನೇದು ಅನ್‌ಸರ್ಕ್ಯುಲೇಟೆಡ್. ಅಂದ್ರೆ ಟಂಕಸಾಲೆಯಿಂದ ಬಂದ ಹಾಗೇ, ಯಾರ ಕೈಲೂ ಓಡಾಡದೇ ಇರೋದು. ನಮ್ಮ ಅಜ್ಜಿ ಅದನ್ನ ಖರ್ಚು ಮಾಡಿಲ್ಲ, ಪೂಜೆಗೇ ಇಟ್ಟಿದ್ದು, ಹಾಗಾಗಿ ಕೊನೇ ಕಾಲಂ ಅಂತಲೇ ತಿಳ್ಕೊಂಡೆ. ಅಜ್ಜಿ ಕೈಗೆ ಬರೋ ಮುಂಚೆ ಎಷ್ಟು ಸಂತೆ ಸುತ್ತಿತ್ತೋ ಯಾರಿಗೆ ಗೊತ್ತು, ಅದು ತಲೆಗೇ ಬರ್ಲಿಲ್ಲ. 1862ರದ್ದು ಇನ್ನೂ ದೊಡ್ಡ ತಪ್ಪು. 1874ರವರೆಗೂ ಅದೇ ಇಸವಿ ಹಾಕಿ ಟಂಕಿಸ್ತಿದ್ರಂತೆ, ಬಾಂಬೆ ಟಂಕಸಾಲೆಯವರು ಸಣ್ಣ ಚುಕ್ಕಿ ಇಟ್ಟು ವರ್ಷ ಗುರುತು ಮಾಡ್ತಿದ್ರು, ಚುಕ್ಕಿ ಲೆಕ್ಕದ ಮೇಲೆ ರೇಟೇ ಬೇರೆ ಬೇರೆ. ನಾನು ನಾಲ್ಕಕ್ಕೂ ಇದ್ದಿದ್ರಲ್ಲಿ ಜಾಸ್ತಿ ಇರೋ ಸಾಲೇ ಹಿಡಿದೆ. ಕೂಡಿಸಿದ್ರೆ 1,12,000. ತಮ್ಮನಿಗೆ ರಾತ್ರಿನೇ ಫೋನ್ ಮಾಡಿ ಹೇಳಿದೆ. ಅವನು ಬೆಳಗ್ಗೆ ಹೋಗಿ ಬಡಗಿಗೆ 20,000 ಅಡ್ವಾನ್ಸ್ ಕೊಟ್ಟ.

1911ರದ್ದಕ್ಕೆ ರೇಟ್ ಜಾಸ್ತಿ ಯಾಕೆ ಅಂದ್ರೆ ರಾಜನ ನಿಲುವಂಗಿ ಮೇಲೆ ಆನೆ ಚಿತ್ರ ಇದೆ, ಸೊಂಡಿಲು ಗಿಡ್ಡ ಆಗಿ ಹಂದಿ ಥರ ಕಾಣ್ಸತ್ತೆ ಅಂತ ಜನ ಗಲಾಟೆ ಮಾಡಿ, ಸರ್ಕಾರ ಅದನ್ನ ನಿಲ್ಲಿಸಿ ಹೆಚ್ಚಿನದ್ದನ್ನ ಕರಗಿಸಿಬಿಡ್ತು. ಮುಂದಿನ ವರ್ಷದಿಂದ ಆನೆ ತಿದ್ದಿ ಹೊಸದಾಗಿ ಹಾಕಿದ್ರು. ಕಲೆಕ್ಟರ್‌ಗಳು ಪಿಗ್ ರುಪೀ ಅಂತಲೇ ಕರೀತಾರೆ. ನಮ್ಮದರಲ್ಲಿ ಹಿಂದುಗಡೆ ಕಮಲದ ಹೂವಿನ ಕೆಳಗೆ ಚುಕ್ಕಿ ಇತ್ತು, ಬಾಂಬೆದು.

ಆಮೇಲೆ ಫೋರ್ಟ್‌ನಲ್ಲಿ ಒಬ್ಬ ಡೀಲರ್‌ಗೆ ಫೋನ್ ಮಾಡ್ದೆ. ಈ ಮಾತು ಗಮನ ಇಟ್ಟು ಓದಿ. ಅವನೇ ಹೇಳಿದ್ದು, ಅವನ ಬಾಯಿಂದಲೇ ಬಂದಿದ್ದು: "ಥೋಡಾ ಸಾಫ್ ಕರ್‌ಕೆ ಲಾನಾ ಮೇಡಂ, ಡೇಟ್ ದಿಖ್ನಾ ಚಾಹಿಯೇ." ಸರಿ ಅಂತ ನಾನು ದೀಪದ ಕಂಬ ಉಜ್ಜೋ ಹಾಗೆ ಹಲ್ಲುಪುಡಿ ಹಾಕಿ ಹಳೇ ಬ್ರಷ್‌ನಲ್ಲಿ 21ನ್ನೂ ಉಜ್ಜಿ ತೊಳೆದು, ಪಂಚೆ ತುಂಡಲ್ಲಿ ಒರೆಸಿ ಇಟ್ಟೆ. ಫಳಫಳ ಅಂತಿತ್ತು. 1911ರದ್ದರಲ್ಲಿ 'ಎಂಪರರ್' ಅನ್ನೋ ಅಕ್ಷರಗಳಲ್ಲಿ ಆ ಇಂಗ್ಲಿಷ್ 'ಓ' ಇದೆಯಲ್ಲ, ಅದರ ಹೊಟ್ಟೆಯೊಳಗೆ ಅಜ್ಜಿ ಹಾಕಿದ ಕುಂಕುಮ ಒಂದು ಚೂರು ಗಟ್ಟಿಯಾಗಿ ಕೂತಿತ್ತು, ಬ್ರಷ್‌ಗೆ ಸಿಗಲೇ ಇಲ್ಲ. ಇರಲಿ ಅಂತ ಬಿಟ್ಟೆ.

ಅಂಗಡೀಲಿ ಟೀ ತರಿಸಿದ, ತುಂಬಾ ಮರ್ಯಾದೆ. ನಾಣ್ಯ ನೋಡಿದ, ಭೂತಗನ್ನಡಿ ಹಿಡಿದ, ಮುಖ ಸಣ್ಣ ಮಾಡಿದ. ನಾನು ನನ್ನ ಗೈಡ್ ತೆಗೆದು ಟೇಬಲ್ ಮೇಲೆ ಇಟ್ಟೆ, ಗುರುತು ಹಾಕಿದ ಪುಟ ತೋರಿಸಿದೆ. ಅವನು ಕೆಳಗಿನಿಂದ ಅದೇ ಗೈಡ್ ತೆಗೆದ. ಅದೇ ಪುಟ. ಬೆರಳು ಕೊನೇ ಕಾಲಂ ಮೇಲಿಟ್ಟ, ತಲೆ ಆಡಿಸಿದ. ಅದರ ಹಿಂದಿನದ್ದು, ತಲೆ ಆಡಿಸಿದ. ಹಾಗೇ ಜರುಗಿಸ್ತಾ ಜರುಗಿಸ್ತಾ ಮೊದಲ ಕಾಲಂಗೂ ಬಂದು ಅಲ್ಲಿಂದ ಪುಸ್ತಕದ ಹೊರಗೆ ಟೇಬಲ್ ಮೇಲೆ ಬೆರಳಿಟ್ಟು ಹೇಳಿದ, "ಧುಲಾ ಹುವಾ ಸಿಕ್ಕಾ ಹೈ ಮೇಡಂ. ಇಸ್‌ಕಾ ಕಾಲಂ ನಹೀ ಹೈ."

ತೊಳೆದ ನಾಣ್ಯಕ್ಕೆ ಕಾಲಮೇ ಇಲ್ಲವಂತೆ! ಉಜ್ಜಿದ್ರೆ ನಾಣ್ಯದ ಮೂಲ ಹೊಳಪು ಹೋಗಿಬಿಡತ್ತೆ, ಅದಕ್ಕೆ.

ನೀವೇ ತೊಳೆದು ತನ್ನಿ ಅಂದ್ರಲ್ಲ ಅಂತ ಕೇಳಿದ್ದಕ್ಕೆ "ಸಾಫ್ ಬೋಲಾ ಥಾ, ಘಿಸ್ನೆ ಕೋ ನಹೀ ಬೋಲಾ ಥಾ" ಅಂದ, ಅಂದ್ರೆ ಸಾಫ್ ಮಾಡಿ ಅಂದಿದ್ದೆ, ಉಜ್ಜಿ ಅಂದಿರ್ಲಿಲ್ಲ ಅಂತ. ಗೈಡ್‌ನಲ್ಲಿ ಇಷ್ಟಿದೆಯಲ್ಲ ಅಂದ್ರೆ "ಬುಕ್ ಕಾ ಭಾವ್ ಅಲಗ್, ಮಾರ್ಕೆಟ್ ಕಾ ಭಾವ್ ಅಲಗ್." ಅದು ಡೀಲರ್ ಮಾರೋ ರೇಟ್, ಕೊಳ್ಳೋ ರೇಟ್ ಅಲ್ಲ ಅಂತ ಪಾಠ ಬೇರೆ ಮಾಡಿದ. ಬೇರೆ ಅಂಗಡಿಗೆ ಹೋದ್ರೆ ಇಷ್ಟೂ ಸಿಗಲ್ಲ, ನಾಳೆ ಬೆಳ್ಳಿ ರೇಟ್ ಇಳೀತದೆ, ಹೀಗೆ ಒಂದರ ಮೇಲೊಂದು. ತಲೆ ತುಂಬಾ ತಮ್ಮ ಕೊಟ್ಟ ಅಡ್ವಾನ್ಸೇ ಓಡ್ತಿತ್ತು. ಎದ್ದು ಬರ್ಬೇಕಿತ್ತು, ಬರ್ಲಿಲ್ಲ. ಇಪ್ಪತ್ತಕ್ಕೆ ತಲಾ 850, 1911ರದ್ದಕ್ಕೆ 1,500, ಒಟ್ಟು 18,500 ಕೈಗಿಟ್ಟ. ಒಂದು ನಾಣ್ಯ 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ, ಅಂದ್ರೆ ಹತ್ತೂವರೆ ಗ್ರಾಂ ಮೇಲೆ ಅಪ್ಪಟ ಬೆಳ್ಳಿ ಇರತ್ತೆ. ಟ್ರೈನಲ್ಲಿ ಕೂತು ಮೊಬೈಲಲ್ಲಿ ಲೆಕ್ಕ ಹಾಕಿದ್ರೆ ಕರಗಿಸಿ ಮಾರಿದ್ರೂ ಅದಕ್ಕಿಂತ ಜಾಸ್ತಿ ಬರ್ತಿತ್ತು. ಬಿಲ್ ಕೇಳಿದ್ದಕ್ಕೆ "ಪುರಾನೇ ಸಿಕ್ಕೇ ಕಾ ಬಿಲ್ ನಹೀ ಬನ್ತಾ" ಅಂದಿದ್ದ, ಅದನ್ನೂ ನಂಬಿದ್ದೆ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು ಅಂತ ಗೊತ್ತಾಗಿದ್ದು ಆಮೇಲೆ.

ಇಷ್ಟೇ ಆಗಿದ್ರೆ ನನ್ನ ತಪ್ಪು ಅಂತ ನುಂಗ್ಕೋತಿದ್ದೆ.

ತಿಂಗಳೊಳಗೆ ನಮ್ಮ ಭಾವ ಒಂದು ವಾಟ್ಸಾಪ್ ಫೋಟೋ ಕಳಿಸಿದ್ರು, "ನೋಡು ಇದೂ ನಿಮ್ಮ ಅಜ್ಜಿದರ ಥರಾನೇ ಇದೆ" ಅಂತ. ಮಾರಾಟದ ಜಾಹೀರಾತು ಅದು, 1911 ಬಾಂಬೆ, ಬೆಲೆ 13,500. ಪಕ್ಕದಲ್ಲೇ ಅದೇ ಪ್ರೈಸ್ ಗೈಡ್‌ನ ಪುಟದ ಫೋಟೋ, ಕೊನೇ ಕಾಲಂಗೆ ಕೆಂಪು ಗೆರೆ. ಕೆಳಗೆ "ಒರಿಜಿನಲ್ ಲಸ್ಟರ್" ಅಂತ ಬರ್ದಿದೆ. ಲಸ್ಟರ್ ಅಂದ್ರೆ ಟಂಕಿಸಿದಾಗ ಬಂದ ಮೂಲ ಹೊಳಪು. ನಾನು ಫೋಟೋ ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. 'ಓ' ಒಳಗೆ ಕೆಂಪು ಚೂರು. ಅಜ್ಜಿಯ ಕುಂಕುಮ.

ಫೋನ್ ನಂಬರ್ ನೋಡಿದ್ರೆ ಆ ಫೋರ್ಟ್ ಡೀಲರ್‌ದೇ. ತಕ್ಷಣ ಮೆಸೇಜ್ ಹಾಕಿದೆ. "ಸಿಕ್ಕಾ ಸಬ್ ಏಕ್ ಜೈಸಾ ದಿಖ್ತಾ ಹೈ ಮೇಡಂ" ಅಂತ ಉತ್ತರ. ಕುಂಕುಮದ ವಿಷಯ ಬರ್ದೆ, ಫೋಟೋಗೆ ಗುರುತು ಹಾಕಿ ಕಳಿಸಿದೆ. "ಆಪ್‌ನೇ ಬೇಚಾ, ಮೈನೇ ಖರೀದಾ, ಬಾತ್ ಖತಂ." ಕಾಲಂ ಇಲ್ಲ ಅಂದ್ರಲ್ಲ, ಈಗ ಎಲ್ಲಿಂದ ಬಂತು ಅಂತ ಕೇಳಿದೆ. ಬ್ಲಾಕ್ ಮಾಡಿದ. ಅವನು ಕೊಳ್ಳೋವಾಗ ಗೈಡ್ ಸುಳ್ಳು, ಮಾರೋವಾಗ ಅದೇ ಗೈಡ್ ವೇದವಾಕ್ಯ! ಬೆರಳು ಜರುಗಿಸಿದ್ದು ನೆನಪಾದ್ರೆ ಈಗಲೂ ಮೈ ಉರಿಯತ್ತೆ. ತಮ್ಮನಿಗೆ ಲೆಕ್ಕ ಕೊಟ್ಟಾಗ ಅವನು ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಕಷ್ಟ.

ಯಾರೇ ಹೇಳಲಿ, ತೊಳೀಬೇಡಿ, ಉಜ್ಜಬೇಡಿ, ಬಟ್ಟೇಲೂ ಒರೆಸ್ಬೇಡಿ, ಕಪ್ಪಗಿದ್ರೆ ಕಪ್ಪಗೇ ಇರಲಿ. ಗೈಡ್ ನೋಡಿ, ಆದ್ರೆ ಕೊನೇ ಕಾಲಂ ನಿಮ್ಮದಲ್ಲ ಅಂತಲೇ ಲೆಕ್ಕ ಹಾಕಿ, ಅದು ಯಾವ ವರ್ಷದ ಗೈಡ್ ಅಂತಲೂ ನೋಡಿ. ಅವತ್ತಿನ ಬೆಳ್ಳಿ ರೇಟ್ ತಿಳ್ಕೊಂಡೇ ಹೋಗಿ, ಮೂರು ಅಂಗಡಿ ತಿರುಗಿ, ದುಡ್ಡಿನ ಅರ್ಜೆಂಟ್ ಮುಖದಲ್ಲಿ ಕಾಣಿಸ್ಬೇಡಿ, ಬಿಲ್ ಇಲ್ಲ ಅಂದ್ರೆ ಎದ್ದು ಬನ್ನಿ. ಆನ್‌ಲೈನಲ್ಲಿ ಹಳೇ ನಾಣ್ಯ ಲಕ್ಷಕ್ಕೆ ತಗೋತೀವಿ, ಮೊದ್ಲು ಚಾರ್ಜ್ ಕಟ್ಟಿ ಅನ್ನೋರ ಹತ್ರ ಅಂತೂ ಹೋಗಲೇಬೇಡಿ, ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಅವರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮಂಗಳೂರು ಆಂಟಿಗೂ ಇದನ್ನೇ ಹೇಳಿ, ನಾಣ್ಯ ವಾಪಸ್ ಕರ್ಚೀಫ್‌ನಲ್ಲಿ ಕಟ್ಟಿ ಕಳಿಸಿದೀನಿ.

ಇನ್ನೊಂದು. ಮುಂಬೈಲೋ ಪುಣೇಲೋ ಯಾರಾದ್ರೂ ಈಚೆಗೆ 1911ರ ಬಾಂಬೆ ರೂಪಾಯಿ ಒರಿಜಿನಲ್ ಲಸ್ಟರ್ ಅಂತ ತಗೊಂಡಿದ್ರೆ, ಭೂತಗನ್ನಡಿ ಇಟ್ಟು 'ಓ' ಒಳಗೆ ನೋಡಿ. ಕೆಂಪಗಿದ್ರೆ ಅದು ಡೊಂಬಿವಲಿಯ ನನ್ನ ಅಡುಗೆಮನೆ ಸಿಂಕ್‌ನಲ್ಲಿ ಹಲ್ಲುಪುಡಿ ಹಾಕಿ ಉಜ್ಜಿದ ನಾಣ್ಯ. ನಿಮ್ಮ ದುಡ್ಡು ವಾಪಸ್ ಕೇಳಿ, ನಾನು ಬಂದು ಹೇಳ್ತೀನಿ.