ಸೈಫರ್ಟ್, ಹೊಲುಬ್, ಹೊಲಾನ್: ಯಾರಿಂದ ಶುರು?
ಜೆಕ್ ಕವಿಗಳು ನಮಗೆ ಹೆಚ್ಚಾಗಿ ಸಿಗುವುದು ಇಂಗ್ಲಿಷ್ ಅನುವಾದದಲ್ಲಿ. ಹಾಗಾಗಿ ಓದಿಗೆ ಸಲೀಸು ಮಿರೊಸ್ಲಾವ್ ಹೊಲುಬ್: ರೋಗನಿರೋಧಕ ವಿಜ್ಞಾನಿ, ಪ್ರಾಸದ ಹಂಗಿಲ್ಲದ ಕವಿ. ಯಾರೊಸ್ಲಾವ್ ಸೈಫರ್ಟರ ಆರಂಭದ ಕವಿತೆಗಳ ಹಾಡುಗುಣ ಅನುವಾದದಲ್ಲಿ ಸೋರಿಹೋಗುತ್ತದೆ. ಅವರ ಇಳಿವಯಸ್ಸಿನ ಮುಕ್ತಛಂದವೇ ವಾಸಿ.

ರಾಜಕೀಯ ಒತ್ತಡವನ್ನು ಅರಿಯಬೇಕಿದ್ದರೆ ಸೈಫರ್ಟರೇ ಸರಿ. 1929ರಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ಉಚ್ಚಾಟನೆ, ಮುಂದೆ ಮಾನವ ಹಕ್ಕುಗಳನ್ನು ಗೌರವಿಸಿ ಎಂದು ಕಮ್ಯುನಿಸ್ಟ್ ಸರ್ಕಾರವನ್ನು ಒತ್ತಾಯಿಸಿದ ಚಾರ್ಟರ್ 77 ಎಂಬ ಮನವಿಗೆ ಸಹಿ, 1984ರಲ್ಲಿ ನೊಬೆಲ್. ಟೈಪ್ ಪ್ರತಿಗಳಲ್ಲಿ ಕೈಯಿಂದ ಕೈಗೆ ದಾಟಿದ ಅವರ ‘ಪ್ಲೇಗ್ ಸ್ತಂಭ’ ಕವನ ಸಂಕಲನ ದೇಶದೊಳಗೆ ಅಧಿಕೃತವಾಗಿ ಅಚ್ಚಾದದ್ದು 1981ರಲ್ಲಿ. ಹೊಲುಬ್ ಮಾತ್ರ 1973ರಲ್ಲಿ ಆಡಳಿತದ ಒತ್ತಡಕ್ಕೆ ಮಣಿದು, ತಮ್ಮ ಹಿಂದಿನ ನಿಲುವು ತಪ್ಪೆಂದು ಬಹಿರಂಗ ಆತ್ಮವಿಮರ್ಶೆ ಮಾಡಿಕೊಂಡರು. ರಾಜಿಯ ಮುಜುಗರವೂ ನಿಮಗೆ ಮುಖ್ಯವೆನಿಸಿದರೆ ಅವರನ್ನೇ ಹಿಡಿಯಿರಿ.

1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ನಂತರ ಪ್ರಾಗ್‌ನ ಕಾಂಪಾ ದ್ವೀಪದ ಮನೆಯಲ್ಲಿ ಏಕಾಂತಕ್ಕೆ ಸರಿದ ವ್ಲಾದಿಮೀರ್ ಹೊಲಾನ್ ಕಠಿಣ ಕವಿ. ‘ಹ್ಯಾಮ್ಲೆಟ್ ಜೊತೆ ಒಂದು ರಾತ್ರಿ’ಯಂಥ ದೀರ್ಘಕವಿತೆಗೆ ವ್ಯವಧಾನವಿದ್ದವರಿಗಷ್ಟೇ.