ಮೂರು ವರ್ಷ, ಮೂರು ಥರದ ಕಾಮೆಂಟರಿ: ನಮ್ಮ ಕಬಡ್ಡಿಗೆ ಒಗ್ಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೇಷ್ಟ್ರಿಗೆ.

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಹುಡುಗರೆಲ್ಲ ಸೇರಿ ವರ್ಷಕ್ಕೊಮ್ಮೆ ಹೊನಲು ಬೆಳಕಿನ ಕಬಡ್ಡಿ ಮಾಡುತ್ತೇವೆ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯಿಂದ ತಂಡಗಳು ಬರುತ್ತವೆ. ಮೂರು ವರ್ಷದಿಂದ ಲೈವ್ ಬಿಡುವ ಜವಾಬ್ದಾರಿ ನನ್ನದು. ಮೊದಲ ವರ್ಷ ಕಾಮೆಂಟರಿಯೇ ಇರಲಿಲ್ಲ, ಹಾಡು ಹಾಕಿದ್ದೆವು. ಎರಡನೇ ವರ್ಷ 8,000 ರೂಪಾಯಿ ಕೊಟ್ಟು ಹೊರಗಿನಿಂದ ಒಬ್ಬ ನಿರೂಪಕರನ್ನು ಕರೆಸಿದೆವು. ಕಳೆದ ವರ್ಷ ಹರಿಹರದ ಕಡೆಯ ನಿವೃತ್ತ ಪಿ.ಇ. ಮೇಷ್ಟ್ರೊಬ್ಬರು ಮೈಕ್ ಹಿಡಿದರು. ಮೂರನ್ನೂ ನೋಡಿದವನಾಗಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ ಟೂರ್ನಮೆಂಟ್ ಮಾಡುವವರು ಮ್ಯಾಟ್, ಲೈಟು, ಕಪ್ಪು, ಊಟ ಎಲ್ಲಕ್ಕೂ ತಲೆ ಕೆಡಿಸಿಕೊಳ್ಳುತ್ತಾರೆ. ಮೈಕ್ ಯಾರ ಕೈಗೆ ಅನ್ನೋದನ್ನು ಮಾತ್ರ ಕೊನೇ ದಿನಕ್ಕೆ ಬಿಡುತ್ತಾರೆ. ನಾವೂ ಹಾಗೇ ಮಾಡಿದ್ದೆವು.

ನಮ್ಮ ಲೈವ್ ಅಂದರೆ ಸ್ಟ್ಯಾಂಡ್ ಮೇಲೆ ಒಂದು ಫೋನು, ಅಷ್ಟೇ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಎಲ್ಲರ ಕಣ್ಣಿಗೂ ಟಿವಿ ಕಬಡ್ಡಿ ರೂಢಿಯಾಗಿದೆ. ಅಲ್ಲಿ ಸುತ್ತಲೂ ಕ್ಯಾಮೆರಾ, ಬೇಕಾದಾಗ ರೀಪ್ಲೇ, ತೆರೆ ಮೇಲೆ ಸ್ಕೋರು, 30 ಸೆಕೆಂಡಿನ ಗಡಿಯಾರ. ಕಾಮೆಂಟರಿ ಹೇಳುವವರು ಸ್ವಲ್ಪ ಹೊತ್ತು ಸುಮ್ಮನಿದ್ದರೂ ಆಟ ತಿಳಿಯುತ್ತದೆ. ನಮ್ಮಲ್ಲಿ ರೈಡರ್, ಅಂದರೆ ಎದುರು ತಂಡದ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು, ಆಚೆ ಮೂಲೆಗೆ ಹೋದರೆ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಯಾರು ಮುಟ್ಟಿದರು, ಯಾರು ಔಟಾದರು, ಎಷ್ಟು ಸಮಯ ಉಳಿದಿದೆ, ಎಲ್ಲವನ್ನೂ ಮೈಕ್ ಹಿಡಿದವರೇ ಹೇಳಬೇಕು.

ಇನ್ನೊಂದು ಕಾರಣ ನಮ್ಮ ಅಪ್ಪ. ಹತ್ತಿ ಗಿರಣಿಯಲ್ಲಿ ದುಡಿದವರು, ಹರೆಯದಲ್ಲಿ ಮಣ್ಣಿನ ಅಂಕಣದಲ್ಲಿ ಕಬಡ್ಡಿ ಆಡಿದವರು. ಶುಗರ್‌ನಿಂದ ಈಗ ಕಣ್ಣು ಮಂಜು. ಫೋನಿನ ತೆರೆ ಅವರಿಗೆ ಬರೀ ಬೆಳಕು. ದಿಂಬಿನ ಪಕ್ಕ ಫೋನ್ ಇಟ್ಟುಕೊಂಡು ಕೇಳುತ್ತಾರೆ. ಹೀಗೆ ಕೇಳುವವರು ಅವರೊಬ್ಬರೇ ಅಲ್ಲ. ನಮ್ಮ ಬೀದಿಯ ಮಂಡಕ್ಕಿ ಅಂಗಡಿಯವರು ಅಂಗಿ ಜೇಬಿನಲ್ಲಿ ಫೋನ್ ಇಟ್ಟುಕೊಂಡು ಮಿರ್ಚಿ ಕರೆಯುತ್ತಾ ಪಂದ್ಯ ಕೇಳುತ್ತಾರೆ. ಎಣ್ಣೆ ಕೈಯಲ್ಲಿ ಫೋನ್ ತೆಗೆದು ನೋಡೋಕಾಗುತ್ತಾ? ಹಾಗಾಗಿ ನನ್ನ ಪರೀಕ್ಷೆ ಒಂದೇ. ತೆರೆ ನೋಡದೆ ಅಪ್ಪನಿಗೆ ಆಟ ತಿಳಿಯಬೇಕು.

ಹಾಡಿನ ವರ್ಷದ ಬಗ್ಗೆ ಹೇಳೋದು ಕಡಿಮೆ. ಖರ್ಚು ಸೊನ್ನೆ. ಮೈದಾನದಲ್ಲಿದ್ದವರಿಗೆ ಖುಷಿಯಾಯಿತು, ಕುಣಿದರು. ಮನೆಯಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ. ಮೇಲಾಗಿ ಸಿನಿಮಾ ಹಾಡು ಹಾಕಿದ್ದಕ್ಕೆ ಹಕ್ಕುದಾರರ ತಕರಾರು ಬಂತು. ಮರುದಿನ ನೋಡಿದರೆ ಫೈನಲ್‌ನ ಅರ್ಧ ಭಾಗಕ್ಕೆ ದನಿಯೇ ಇಲ್ಲ. ಗೆದ್ದ ಹುಡುಗರು ಕೈ ಎತ್ತಿ ಕೂಗುತ್ತಿದ್ದಾರೆ, ಒಂದು ಶಬ್ದವೂ ಕೇಳಿಸುವುದಿಲ್ಲ. ಅದನ್ನು ನೋಡಿ ನಿಜವಾಗಿ ಹೊಟ್ಟೆ ಉರಿಯಿತು.

ಎರಡನೇ ವರ್ಷದ ನಿರೂಪಕರ ಗಂಟಲು ಚೆನ್ನಾಗಿತ್ತು. ಕಂಚಿನ ಗಂಟೆಯಂಥ ದನಿ, ಬಾಯಿ ತುಂಬ ಮಾತು. ಉದ್ಘಾಟನೆ, ಸನ್ಮಾನ, ಬಹುಮಾನ ವಿತರಣೆ ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸಿಕೊಟ್ಟರು. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ತೊಂದರೆ ಶುರುವಾಗಿದ್ದು ಆಟ ಶುರುವಾದ ಮೇಲೆ.

ಅವರು ಸ್ಕೋರ್ ಹೇಳುತ್ತಿರಲಿಲ್ಲ.

ಸಣ್ಣ ವಿಷಯ ಅನ್ನಿಸಬಹುದು. ಅಪ್ಪನ ಪಕ್ಕ ಕೂತು ನೋಡಿ ಗೊತ್ತಾಗುತ್ತದೆ. ‘ಅದ್ಭುತ ದಾಳಿ, ರೋಮಾಂಚಕಾರಿ ಕ್ಷಣ, ಜೋರಾದ ಚಪ್ಪಾಳೆ ಬರಲಿ’ ಅಂತ ದನಿ ಏರುತ್ತಲೇ ಇತ್ತು. ಯಾರು ಮುಂದಿದ್ದಾರೆ ಅನ್ನೋದೇ ಇಲ್ಲ. ಅಪ್ಪ ನಿಮಿಷಕ್ಕೊಮ್ಮೆ ನನ್ನ ಹೆಂಡತಿಯನ್ನು ಕರೆದು, ‘ಎಷ್ಟಕ್ಕೆ ಎಷ್ಟಾತವ್ವ?’ ಅಂತ ಕೇಳುತ್ತಿದ್ದರಂತೆ. ಅವಳು ಅಡುಗೆಮನೆಯಿಂದ ಬಂದು ಫೋನ್ ನೋಡಬೇಕು. ತೆರೆ ಮೇಲೆ ಸ್ಕೋರ್ ತೋರಿಸಲು ಒಬ್ಬ ಹುಡುಗನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದ್ದೆವು. ಪಾಪ, ಅವನು ಆಟ ನೋಡುವುದಾ, ಅಂಕ ಬದಲಿಸುವುದಾ? ಎರಡು ರೈಡ್ ಹಿಂದೆ ಬೀಳುತ್ತಿದ್ದ. ಆ ರಾತ್ರಿ ಲೈವ್‌ಗೆ ಬಂದ ಕಾಮೆಂಟ್‌ಗಳನ್ನು ಆಮೇಲೆ ಕೂತು ಓದಿದೆ. ಪುಟಗಟ್ಟಲೆ ಒಂದೇ ಮಾತು: ‘ಸ್ಕೋರ್ ಹೇಳಿ ಸರ್’, ‘ಅಣ್ಣ ಸ್ಕೋರ್’, ‘ಸ್ಕೋರ್ ಎಷ್ಟು’.

ಸೆಮಿಫೈನಲ್‌ನಲ್ಲಿ ಇದೇ ದೊಡ್ಡದಾಯಿತು. ಒಬ್ಬ ರೈಡರ್ ಮೂವರ ಮಧ್ಯದಿಂದ ನುಗ್ಗಿ ವಾಪಸ್ ಬಂದ. ನಿರೂಪಕರು ‘ಸೂಪರ್ ರೈಡ್, ಮೂರು ಅಂಕ!’ ಅಂತ ಕೂಗಿಬಿಟ್ಟರು. ಅವನು ಯಾರನ್ನೂ ಮುಟ್ಟಿರಲಿಲ್ಲ, ಮುಟ್ಟುವ ಮೊದಲೇ ಕಾಲು ಲಾಬಿಗೆ, ಅಂದರೆ ಅಂಕಣದ ಬದಿಯ ಪಟ್ಟಿಗೆ, ಬಿದ್ದಿತ್ತು. ಮುಟ್ಟಿದ ಮೇಲಷ್ಟೇ ಲಾಬಿ ಆಟದ ಜಾಗ, ಅದಕ್ಕೂ ಮೊದಲು ಕಾಲಿಟ್ಟರೆ ರೈಡರ್ ಔಟು. ಅಂಪೈರ್ ಸರಿಯಾಗಿಯೇ ಕೊಟ್ಟರು. ಆದರೆ ಮೈಕ್‌ನಲ್ಲಿ ಮೂರು ಅಂಕ ಅಂದದ್ದು ಊರಿಗೆಲ್ಲ ಕೇಳಿಸಿತ್ತು. ಆ ತಂಡದವರು ಮ್ಯಾಟ್ ಮೇಲೆ ನುಗ್ಗಿದರು. ಹದಿನೈದು ನಿಮಿಷ ಆಟ ನಿಂತಿತು. ಅಂಪೈರ್‌ಗೆ ಕೇಳಬಾರದ ಮಾತು ಕೇಳಿಸಿದವು. ಅವರದೇನೂ ತಪ್ಪಿರಲಿಲ್ಲ, ಅದೇ ನನಗೆ ಇವತ್ತಿಗೂ ಬೇಜಾರು.

ಹೆಸರಿನ ಗೋಳು ಬೇರೆ. ಎರಡೂ ತಂಡದಲ್ಲಿ 7ನೇ ನಂಬರ್ ಇದ್ದರೆ ‘ನಂಬರ್ ಸೆವೆನ್’ ಅಂದರೆ ಯಾರು?

ಈಗ ಮೇಷ್ಟ್ರು. ಅವರ ಷರತ್ತು ಎರಡೇ. ಸಂಜೆ ನಾಲ್ಕಕ್ಕೆಲ್ಲ ಎಲ್ಲ ತಂಡಗಳ ಪಟ್ಟಿ ಕೈಗೆ ಬರಬೇಕು, ಅದರಲ್ಲಿ ಹುಡುಗರನ್ನು ಊರಲ್ಲಿ ಏನಂತ ಕರೆಯುತ್ತಾರೋ ಆ ಹೆಸರೂ ಇರಬೇಕು. ಮತ್ತೆ, ಅಂಪೈರ್ ಮುಖ ಕಾಣುವ ಕಡೆ ಕುರ್ಚಿ ಹಾಕಬೇಕು. ಐದು ಗಂಟೆಗೇ ಬಂದು ತಂಡಗಳು ಮೈ ಬಿಸಿ ಮಾಡಿಕೊಳ್ಳುವಾಗ ಒಬ್ಬೊಬ್ಬರನ್ನೇ ಮಾತಾಡಿಸಿದರು. ಯಾರು ಬಲ ಮೂಲೆ, ಯಾರು ಎಡ ಮೂಲೆ, ಯಾರ ಮಂಡಿ ನೋವಿದೆ, ಎಲ್ಲ ಬರೆದುಕೊಂಡರು.

ಆಮೇಲೆ ಪಂಚೆಯ ಗಂಟಿನಿಂದ ಏಳು ಹುಣಸೆ ಬೀಜ, ಏಳು ಕಡಲೆ ಕಾಳು ತೆಗೆದು ಮೇಜಿನ ಮೇಲೆ ಇಟ್ಟರು. ಒಂದು ತಂಡ ಹುಣಸೆ ಬೀಜ, ಇನ್ನೊಂದು ಕಡಲೆ. ಯಾರಾದರೂ ಔಟಾದರೆ ಒಂದು ಬೀಜ ಪಕ್ಕಕ್ಕೆ. ವಾಪಸ್ ಬಂದರೆ ಬೀಜವೂ ವಾಪಸ್. ಕಣ್ಣು ಮ್ಯಾಟ್ ಮೇಲೇ ಇರುತ್ತಿತ್ತು, ಬೆರಳು ತಡವಿ ಲೆಕ್ಕ ಹೇಳುತ್ತಿತ್ತು. ಕಬಡ್ಡಿಯಲ್ಲಿ ಈ ಲೆಕ್ಕವೇ ಆಟದ ಜೀವ. ಎದುರು ಆರು ಜನ ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್ ಗೆರೆ ದಾಟಿದ್ದಕ್ಕೆ ಅಂಕ. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದು ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಸತತ ಎರಡು ರೈಡ್ ಅಂಕವಿಲ್ಲದೆ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ, ಅಂಕ ತರದಿದ್ದರೆ ರೈಡರ್ ಔಟು. ಇದು ಕೇಳುವವರಿಗೆ ಗೊತ್ತಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಬರೀ ಗಲಾಟೆ.

ಅವರು ಹೇಳುವ ಕ್ರಮವೂ ಹಾಗೇ. ರೈಡರ್ ಗೆರೆ ದಾಟುವ ಮೊದಲು, ‘ಚನ್ನಗಿರಿ 18, ಹರಿಹರ 16. ಎದುರು ನಾಲ್ಕೇ ಜನ. ಎರಡು ಖಾಲಿ ಆಗಿವೆ, ಈಗ ಮುಟ್ಟಲೇಬೇಕು’ ಅನ್ನುತ್ತಿದ್ದರು. ಆಮೇಲೆ ಸಣ್ಣ ಸಣ್ಣ ಮಾತು. ‘ಎಡ ಮೂಲೆಗೆ ಹೊರಟ. ನಿಂತ. ಕಾಲು ಚಾಚಿದ. ಪಾದ ಸಿಕ್ಕಿತು...’ ಗದ್ದಲವಾದಾಗ, ‘ತಡೀರಿ, ಅಂಪೈರ್ ಕೈ ನೋಡೋಣ’ ಅಂತ ನಿಲ್ಲಿಸುತ್ತಿದ್ದರು. ಅಂಪೈರ್ ಕೈ ಎತ್ತಿದ ಮೇಲೇ ಅಂಕ. ಆಮೇಲೆ ಯಾಕೆ ಅನ್ನೋದು ಒಂದು ಸಾಲಿನಲ್ಲಿ. ರಾತ್ರಿ ಪೂರ್ತಿ ಒಂದು ಜಗಳ ಆಗಲಿಲ್ಲ.

ಸೆಮಿಫೈನಲ್ ನಡೆಯುವಾಗ ಪವರ್ ಬ್ಯಾಂಕ್ ತರಲು ಮನೆಗೆ ಓಡಿದ್ದೆ. ಅಪ್ಪ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಬಂದಿರಬೇಕು ಅಂದುಕೊಂಡೆ. ಫೋನಿನಿಂದ ಮೇಷ್ಟ್ರ ದನಿ ಬರುತ್ತಿತ್ತು. ರೈಡರ್ ಬೋನಸ್ ಗೆರೆ ಕಡೆ ಕಾಲು ಚಾಚಿದ ಅಂದರು. ಅಪ್ಪ ಕಣ್ಣು ಮುಚ್ಚಿಕೊಂಡೇ, ‘ಐದೇ ಜನ ಅದಾರಲೋ, ಬೋನಸ್ ಎಲ್ಲಿಂದ ಬರ್ತತಿ?’ ಅಂದರು. ಆಮೇಲೆ ಮೇಷ್ಟ್ರೂ ಅದನ್ನೇ ಹೇಳಿದರು. ಅಪ್ಪನ ಬಲಗೈ ಚಾದರದ ಮೇಲೆ ಏನನ್ನೋ ಹಿಡಿಯುವ ಹಾಗೆ ಬಿಗಿಯಾಗಿತ್ತು. ಆ ವರ್ಷ ಅವರು ಯಾರನ್ನೂ ಸ್ಕೋರ್ ಕೇಳಲಿಲ್ಲ.

ಹೆಸರು ಕರೆಯುವುದಕ್ಕೆ ಎಷ್ಟು ಬೆಲೆ ಅಂತ ನಮ್ಮ ಊರಿನವರಿಗೆ ಬೇರೆ ಹೇಳಬೇಕಿಲ್ಲ. ನಮ್ಮೂರಿನ ಕ್ರಿಕೆಟಿಗ ವಿನಯ್ ಕುಮಾರ್ ಬೌಲಿಂಗ್‌ಗೆ ಬಂದಾಗಲೆಲ್ಲ ‘ದಾವಣಗೆರೆ ಎಕ್ಸ್‌ಪ್ರೆಸ್’ ಅನ್ನೋ ಮಾತು ಕಿವಿಗೆ ಬಿದ್ದರೆ ಇಲ್ಲಿ ಟಿವಿ ಮುಂದೆ ಕೂತವರಿಗೆ ಮೈ ಜುಂ ಅನ್ನುತ್ತಿತ್ತು. ಅವರ ನಾಯಕತ್ವದಲ್ಲಿ ಕರ್ನಾಟಕ ಸತತ ಎರಡು ರಣಜಿ ಗೆದ್ದಾಗಂತೂ ಕೇಳಲೇಬೇಡಿ. ಒಬ್ಬ ಹುಡುಗನ ಹೆಸರಿನ ಜೊತೆ ಊರಿನ ಹೆಸರು ಬಂದರೆ ಊರೇ ಆಡಿದ ಹಾಗೆ. ಮೇಷ್ಟ್ರು ಜಗಳೂರು ಕಡೆಯ ಒಂದು ಹುಡುಗನ ಹೆಸರು, ಹಳ್ಳಿ ಹೇಳಿ, ‘ಮೊದಲ ಸಲ ಹೊನಲು ಬೆಳಕಿನಲ್ಲಿ ಆಡುತ್ತಿದ್ದಾನೆ, ಬೆನ್ನು ತಟ್ಟಿ’ ಅಂದರು. ಸ್ವಲ್ಪ ಹೊತ್ತಿಗೆ ಲೈವ್‌ನಲ್ಲಿ ಅವನ ಅಕ್ಕನ ಕಾಮೆಂಟ್ ಬಂತು, ‘ನನ್ನ ತಮ್ಮ’ ಅಂತ. ಎರಡೇ ಪದ.

ಮೇಷ್ಟ್ರಲ್ಲಿ ಕೊರತೆ ಇಲ್ಲ ಅಂತಲ್ಲ. ದನಿ ಸಣ್ಣದು, ರಾತ್ರಿ ಹನ್ನೊಂದರ ಮೇಲೆ ಕೆಮ್ಮು. ಹಳೇ ಪಂದ್ಯದ ನೆನಪು ಬಂದರೆ ಬೇಗ ಬಿಡುವುದಿಲ್ಲ. ಆಟದ ಮಧ್ಯೆ ಪ್ರಾಯೋಜಕರ ಹೆಸರು ಓದುವುದಿಲ್ಲ ಅಂದರೆ ಇಲ್ಲ. ಇಬ್ಬರು ಪ್ರಾಯೋಜಕರು ಮುನಿಸಿಕೊಂಡರು. ವಿರಾಮದಲ್ಲಿ ನಮ್ಮ ಹುಡುಗನೊಬ್ಬ ನಿಧಾನವಾಗಿ ಓದಿ ಸಮಾಧಾನ ಮಾಡಬೇಕಾಯಿತು.

ಖರ್ಚು: ಮೇಷ್ಟ್ರಿಗೆ 2,000 ರೂಪಾಯಿ, ಹೋಗಿಬರುವ ಗಾಡಿ ಬಾಡಿಗೆ, ಒಂದು ಶಾಲು. ದುಡ್ಡು ಬೇಡ ಅಂದರು, ಒತ್ತಾಯ ಮಾಡಿ ಕೊಟ್ಟೆವು. ಆಟವನ್ನು ಇಷ್ಟು ಚೆನ್ನಾಗಿ ಓದುವವರನ್ನು ಪುಕ್ಕಟೆ ದುಡಿಸಿಕೊಳ್ಳುವುದು ಸರಿಯಲ್ಲ. ನಿಮ್ಮದು ದೊಡ್ಡ ಬಜೆಟ್ಟು, ಗಣ್ಯರು ಜಾಸ್ತಿ ಬರುತ್ತಾರೆ ಅಂದರೆ ವೇದಿಕೆಗೆ ನಿರೂಪಕರನ್ನೂ ಕರೆಸಿ. ಆದರೆ ಸೀಟಿ ಊದಿದ ಮೇಲೆ ಮೈಕ್ ಆಟ ಬಲ್ಲವರ ಕೈಗೆ ಹೋಗಲಿ. ನಮ್ಮ ಕೈಯಲ್ಲಿರುವ ದುಡ್ಡಿಗೆ ಒಬ್ಬರೇ ಸಾಧ್ಯ, ಆ ಒಬ್ಬರು ಮೇಷ್ಟ್ರೇ. ಇನ್ನೊಂದು ಮಾತು, ಲೈವ್‌ಗೆ ದನಿಯನ್ನು ಮೈಕ್ ಸೆಟ್‌ನಿಂದ ನೇರ ವೈರ್ ಹಾಕಿ ತಗೊಳ್ಳಿ. ಫೋನಿನ ಮೈಕ್ ನಂಬಿದರೆ ಜನರ ಗದ್ದಲವೇ ಜಾಸ್ತಿ.

ಕಳೆದ ವರ್ಷ ಮೇಷ್ಟ್ರ ಪಕ್ಕದಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಕಾಲೇಜು ತಂಡದಲ್ಲಿ ಆಡುತ್ತಾಳೆ. ಮೊದಲು ಸುಮ್ನೆ ನೋಡುತ್ತಿದ್ದಳು, ಎರಡನೇ ಪಂದ್ಯದಿಂದ ಬೀಜ ಸರಿಸುವ ಕೆಲಸ ಅವಳೇ ತಗೊಂಡಳು. ಒಂದು ಸಲ ಮೇಷ್ಟ್ರು ಎದುರು ಆರು ಜನ ಅಂದಾಗ, ಮೆಲ್ಲಗೆ ‘ಐದು ಸರ್’ ಅಂದಳು. ಅವರು ಮೈಕ್‌ನಲ್ಲೇ ತಿದ್ದಿಕೊಂಡರು. ಈ ಸಲ ಹೆಣ್ಣುಮಕ್ಕಳ ಪಂದ್ಯವೂ ಇದೆ. ಅದಕ್ಕೆ ಮೈಕ್ ಅವಳಿಗೇ ಕೊಡಿ ಅಂತ ಮೇಷ್ಟ್ರು ಹೇಳಿ ಕಳಿಸಿದ್ದಾರೆ. ಹುಣಸೆ ಬೀಜ, ಕಡಲೆ ಕಾಳು ತಾವೇ ತರುತ್ತಾರಂತೆ. ಅಪ್ಪ ದಿನಾ ಸಂಜೆ ಕೇಳುತ್ತಿದ್ದಾರೆ, ತಂಡಗಳ ಪಟ್ಟಿ ಬಂತಾ ಅಂತ.