ಹಳೆಯ ಸ್ಟಾರ್ ವಾರ್ಸ್ ಇಷ್ಟವಾಗಿದ್ದರೆ, ಹೊಸ ಮೂರನ್ನು ನೋಡುವ ಮುಂಚೆ ಇದನ್ನು ಓದಿ

ಹಳೆಯ ಮೂರು ಸ್ಟಾರ್ ವಾರ್ಸ್ ಸಿನಿಮಾಗಳನ್ನು ಈಗಷ್ಟೇ ನೋಡಿ ಮುಗಿಸಿದವರಿಗೆ, ಮಕ್ಕಳಿಗೆ ತೋರಿಸುತ್ತಿರುವವರಿಗೆ ಈ ಮಾತು. ಮುಂದೆ ಕಥೆಯ ಗುಟ್ಟೆಲ್ಲ ಬರುತ್ತದೆ. ಗೊತ್ತಾಗಬಾರದು ಅನ್ನುವವರು ಇಲ್ಲೇ ನಿಲ್ಲಿಸಿ. ನನಗಂತೂ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು.

1983ರ ಸಿನಿಮಾದ ಕೊನೆ ನೆನಪಿದೆ ಅಲ್ವಾ? ಕಥಾನಾಯಕ ಲ್ಯೂಕ್ ತನ್ನ ಬೆಳಕಿನ ಕತ್ತಿಯನ್ನು ಬಿಸಾಡುತ್ತಾನೆ. ಅಪ್ಪ ವೇಡರ್‌ನನ್ನು ಕೊಲ್ಲಲು ಒಪ್ಪುವುದಿಲ್ಲ. ಚಕ್ರವರ್ತಿ ಕೈಯಿಂದ ಮಿಂಚು ಹರಿಸಿ ಅವನನ್ನು ಸುಡುತ್ತಾನೆ. ಪಕ್ಕದಲ್ಲಿ ನಿಂತ ವೇಡರ್ ಒಮ್ಮೆ ಮಗನನ್ನು ನೋಡುತ್ತಾನೆ, ಒಮ್ಮೆ ಒಡೆಯನನ್ನು. ಮುಖವಾಡ ಇದ್ದರೂ ಒಳಗೆ ಏನಾಗುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ. ಆಮೇಲೆ ಚಕ್ರವರ್ತಿಯನ್ನು ಎತ್ತಿ ಆಳಕ್ಕೆ ಎಸೆಯುತ್ತಾನೆ. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು.

2015ರಲ್ಲಿ ಮುಂದಿನ ಕಥೆ ಬಂದಾಗ ಮೊದಲ ದಿನವೇ ಹೋದೆ. ಆ ಚಕ್ರವರ್ತಿಯ ಸಾಮ್ರಾಜ್ಯದ ಜಾಗದಲ್ಲಿ ಫಸ್ಟ್ ಆರ್ಡರ್ ಅಂತ ಇನ್ನೊಂದು ಬಂದು ಕೂತಿದೆ. ಅದೇ ಬಿಳಿ ಕವಚದ ಸೈನಿಕರು. ಗ್ರಹಗಳನ್ನೇ ಸುಡುವ ಅದೇ ಥರದ ಆಯುಧ, ಇನ್ನೂ ದೊಡ್ಡದು. ಅಷ್ಟು ಜನ ಪ್ರಾಣ ಕೊಟ್ಟು ಕಟ್ಟಿದ ಹೊಸ ಗಣರಾಜ್ಯ ಹೇಗಿತ್ತು ಅಂತ ಕಣ್ತುಂಬ ನೋಡುವ ಮೊದಲೇ ಬೂದಿ. ಲ್ಯೂಕ್‌ನ ಗೆಳೆಯ ಹ್ಯಾನ್ ಮತ್ತೆ ಕಳ್ಳಸಾಗಣೆಗೆ ಇಳಿದಿದ್ದಾನೆ. ಲ್ಯೂಕ್‌ನ ತಂಗಿ ಲೇಯಾ ಮತ್ತೆ ಒಂದು ಸಣ್ಣ ಬಂಡಾಯದ ಗುಂಪು ಕಟ್ಟಿಕೊಂಡಿದ್ದಾಳೆ. ಲ್ಯೂಕ್ ಎಲ್ಲೋ ಅಡಗಿದ್ದಾನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಮೂವರ ಬದುಕೂ.

ನಾಯಕರಿಗೆ ವಯಸ್ಸಾಗಬಾರದು, ಸೋಲಬಾರದು, ಸಾಯಬಾರದು ಅಂತ ನಾನು ಹೇಳುತ್ತಿಲ್ಲ. 2017ರ ಸಿನಿಮಾದಲ್ಲಿ ಲ್ಯೂಕ್ ಒಬ್ಬನೇ ಇಡೀ ಸೈನ್ಯದ ಎದುರು ಬಂದು ನಿಲ್ಲುವ ದೃಶ್ಯ ನನಗೆ ಬಹಳ ಇಷ್ಟ. ಆದರೆ ವೇಡರ್‌ನಂಥವನ ಮೇಲೂ ನಂಬಿಕೆ ಬಿಡದ ಆ ಹುಡುಗ, ಮಲಗಿದ್ದ ತಂಗಿಯ ಮಗನ ಮೇಲೆ ಒಂದು ಕ್ಷಣಕ್ಕಾದರೂ ಕತ್ತಿ ಎತ್ತಿದ ಅನ್ನುವುದನ್ನು ಇವತ್ತಿಗೂ ಒಪ್ಪಿಕೊಳ್ಳಲು ಆಗಿಲ್ಲ.

2019ರದ್ದಂತೂ ಶುರುವಾಗುವುದೇ ಚಕ್ರವರ್ತಿ ತಿರುಗಿ ಬಂದಿದ್ದಾನೆ ಅನ್ನುವ ಸುದ್ದಿಯಿಂದ. ಹೇಗೆ ಬದುಕಿದ ಅಂತ ನೆಟ್ಟಗೆ ಹೇಳುವುದೂ ಇಲ್ಲ. ಹಾಗಾದರೆ ವೇಡರ್ ಪ್ರಾಣ ಕೊಟ್ಟಿದ್ದು ಯಾತಕ್ಕೆ?

ಒಂದು ಸಿನಿಮಾ ಚೆನ್ನಾಗಿಲ್ಲ ಅಂದರೆ ಮರೆತುಬಿಡಬಹುದು. ಇದು ಹಾಗಲ್ಲ. ಕೆಲವು ವಾರ ಕಳೆದು ಮನಸ್ಸು ಸರಿಯಾಗಲಿ ಅಂತ 1983ರದ್ದನ್ನೇ ಮತ್ತೆ ಹಾಕಿಕೊಂಡೆ. ಅದೇ ದೃಶ್ಯ ಬಂತು. ಗಂಟಲು ಕಟ್ಟಲಿಲ್ಲ. ‘ಈ ಚಕ್ರವರ್ತಿ ಹೇಗೂ ವಾಪಸ್ ಬರುತ್ತಾನಲ್ಲ’ ಅಂತ ಮನಸ್ಸು ಹೇಳಿಬಿಟ್ಟಿತು. ಆಮೇಲಿನ ಹಾಡು, ಕುಣಿತ, ಪಟಾಕಿ ಎಲ್ಲ ನೋಡುತ್ತಾ ಸುಮ್ನೆ ಕೂತಿದ್ದೆ. ಗೆದ್ದೆವು ಅಂತ ಕುಣಿಯುತ್ತಿದ್ದವರ ಮೇಲೆ ಅಯ್ಯೋ ಪಾಪ ಅನಿಸಿತು.

ಬೇರೆ ಕಡೆಯೂ ಹೀಗಾಗಿದೆ. 1986ರ ಏಲಿಯನ್ಸ್‌ನಲ್ಲಿ ನಾಯಕಿ ರಿಪ್ಲಿ ಜೀವ ಪಣಕ್ಕಿಟ್ಟು ಕಾಪಾಡಿದ ಪುಟ್ಟ ಹುಡುಗಿ, 1992ರ ಮುಂದಿನ ಭಾಗದ ಶುರುವಿನಲ್ಲೇ ಸತ್ತಿರುತ್ತಾಳೆ. 1991ರ ಟರ್ಮಿನೇಟರ್‌ನಲ್ಲಿ ಉಳಿಸಿದ ಹುಡುಗನನ್ನು 2019ರದ್ದರಲ್ಲಿ ಮೊದಲ ಕೆಲವೇ ನಿಮಿಷಗಳಲ್ಲಿ ಕೊಂದುಬಿಡುತ್ತಾರೆ.

ಅದಕ್ಕೇ ಹೇಳುತ್ತಿದ್ದೇನೆ, ಮಕ್ಕಳಿಗೆ ತೋರಿಸುತ್ತಿದ್ದರೆ 1983ರಲ್ಲಿ ನಿಲ್ಲಿಸಿ. ಆ ಗೆಲುವು ಕೆಲವು ವರ್ಷ ಅವರ ಹತ್ತಿರ ಹಾಗೇ ಇರಲಿ. ನೀವು ಹೊಸದನ್ನು ನೋಡಲೇಬೇಕು ಅಂದರೆ, ಹಳೆಯದು ಮುಗಿದ ಮರುದಿನವೇ ಬೇಡ. 2019ರದ್ದನ್ನು ಮಾತ್ರ ಬಿಡಲು ಆಗುವುದಾದರೆ ದಯವಿಟ್ಟು ಬಿಟ್ಟುಬಿಡಿ.